ಇನ್ಸ್‌ಪೆಕ್ಟರ ಮೂಗು ಕಟ್ಟಿದ್ದು, ಬಿಟ್ಟಿದ್ದು

ಗ್ಯಾಸ್ ಇನ್ಸ್‌ಪೆಕ್ಟರ ಮೂಗು ಎಂಥದ್ದು ಎಂದರೆ, ಅವರು ಕೆಲಸದಲ್ಲಿದ್ದಾಗ ಗ್ಯಾಸ್ ಕಂಪನಿಯವರು ಸೋರಿಕೆ ಹಿಡಿಯುವ ಹೊಸ ಮೆಷಿನ್ನು ತರಿಸಿದರೆ, ಮೆಷಿನ್ನು ಸರಿಯಾಗಿದೆಯೋ ಇಲ್ಲವೋ ಎಂದು ಇವರ ಮೂಗನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಒಂದು ಸಲ ಯಾರೋ ಹೆಂಗಸು ಫೋನ್ ಮಾಡಿ ಏನೋ ವಾಸನೆ ಬರುತ್ತಿದೆ ಎಂದಾಗ, ಇವರು ರಿಸೀವರನ್ನು ಕಿವಿಯಿಂದ ಮೂಗಿಗೆ ಇಳಿಸಿ ಒಮ್ಮೆ ಉಸಿರೆಳೆದು, "ಎಡಗಡೆ ಒಲೆಯ ನಾಬ್ ಸರಿಯಾಗಿ ತಿರುಗಿಸಮ್ಮ," ಎಂದು ಹೇಳಿ ಫೋನ್ ಇಟ್ಟರಂತೆ. ಇದನ್ನು ನಂಬದವರಿದ್ದಾರೆ. ಆ ಹೆಂಗಸು ಇನ್ನೂ ಬದುಕಿದ್ದಾಳೆ; ಬೇಕಾದವರು ಹೋಗಿ ಕೇಳಬಹುದು.

ಅಂಥ ಮೂಗು ಈಗ ವಾರಕ್ಕೆ ಮೂರು ಸಲ, ಸಿಮೆಂಟ್ ಮೆತ್ತಿದ ಪೈಪಿನ ಹಾಗೆ ಕಟ್ಟಿಕೊಳ್ಳುತ್ತಿತ್ತು.

ರಿಟೈರಾದ ಮೇಲೆ ಅವರ ಕಿಡ್ನಿ ಕೈಕೊಟ್ಟಿತ್ತು. ಅದಕ್ಕೆ ಅವರು ಹೆಚ್ಚೇನೂ ತಲೆಕೆಡಿಸಿಕೊಂಡಿರಲಿಲ್ಲ. ಕಿಡ್ನಿಯನ್ನು ಯಾರೂ ಯಾವತ್ತೂ ಹೊಗಳಿರಲಿಲ್ಲ, ಅದು ಹೋಯಿತೆಂದು ಮರ್ಯಾದೆಯೇನೂ ಹೋಗಲಿಲ್ಲ. ಮೂಗು ಹಾಗಲ್ಲ. ಡಯಾಲಿಸಿಸ್ ಸೆಂಟರಿನ ಕುರ್ಚಿಯಲ್ಲಿ ಒರಗಿಸಿ, ತೋಳಿಗೆ ಎರಡು ಸೂಜಿ ಚುಚ್ಚಿ, ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ಉದ್ದನೆಯ ಫಿಲ್ಟರಿನಲ್ಲಿ ಸೋಸಿಕೊಂಡು ವಾಪಸ್ ಮೈಯೊಳಗೆ ಬರತೊಡಗಿದ ಸ್ವಲ್ಪ ಹೊತ್ತಿಗೇ ಮೂಗಿನ ತುದಿಯಲ್ಲಿ ಇರುವೆ ಹರಿದಂತಾಗುತ್ತಿತ್ತು. ಆಮೇಲೆ ಸೀನು. ಚಳಿಗೆ ನಿಂತುಹೋದ ಹಳೇ ಸ್ಕೂಟರನ್ನು ಯಾರೋ ಒದ್ದು ಒದ್ದು ಸ್ಟಾರ್ಟ್ ಮಾಡಲು ನೋಡಿದಂಥ ಸೀನು. ಕೊನೆಗೆ ಎರಡೂ ಹೊಳ್ಳೆ ಬಂದ್. ಕಣ್ಣಿನ ರೆಪ್ಪೆ ಊದಿಕೊಳ್ಳುತ್ತಿತ್ತು, ಕುತ್ತಿಗೆಯ ತುಂಬ ದದ್ದು ಏಳುತ್ತಿತ್ತು. ಸಿಸ್ಟರ್ ಓಡಿಬಂದು ಅಲರ್ಜಿಯ ಇಂಜೆಕ್ಷನ್ ಕೊಟ್ಟರೆ ತುರಿಕೆ ಇಳಿಯುತ್ತಿತ್ತು, ಆದರೆ ಮೂಗು ಮಾತ್ರ ಸಂಜೆಯವರೆಗೆ ಬಿಡುತ್ತಿರಲಿಲ್ಲ. ಬಾಯಲ್ಲೇ ಉಸಿರಾಡಿ ಉಸಿರಾಡಿ ನಾಲಿಗೆ ಒಣಗುತ್ತಿತ್ತು. ಕುಡಿಯೋಣವೆಂದರೆ ಕಿಡ್ನಿ ಇಲ್ಲದವನಿಗೆ ನೀರೂ ಅಳತೆ. ಅಂಗಡಿಯಲ್ಲಿ ಸಿಗುವ ಮೂಗಿನ ಡ್ರಾಪ್ಸ್ ತಂದು ಕದ್ದು ಹಾಕಿಕೊಂಡರೆ ಬಿಪಿ ಏರಿ ಡಾಕ್ಟರಮ್ಮನ ಹತ್ತಿರ ಬೈಸಿಕೊಂಡರು. ಉಪ್ಪುನೀರಿನ ಡ್ರಾಪ್ಸ್ ಬೇಕಾದರೆ ಹಾಕಿಕೊಳ್ಳಿ, ತಲೆ ಎತ್ತರ ಮಾಡಿ ಮಲಗಿ ಎಂದು ಆಕೆ ಹೇಳಿದರು. ತಲೆ ಎತ್ತರ ಮಾಡಿದರೆ ಪಕ್ಕದ ಕುರ್ಚಿ ಕಣ್ಣಿಗೆ ಬೀಳುತ್ತಿತ್ತು. ಅದೇ ದೊಡ್ಡ ಕಾಯಿಲೆ.

ಪಕ್ಕದ ಕುರ್ಚಿಯಲ್ಲಿ ಷಡ್ಡಕ ಇದ್ದ.

ಇನ್ಸ್‌ಪೆಕ್ಟರ ಹೆಂಡತಿಯ ತಂಗಿಯ ಗಂಡ. ಪೇಟೆಯಲ್ಲಿ ಸೆಂಟಿನ ಅಂಗಡಿ ಇಟ್ಟಿದ್ದವನು. ವಯಸ್ಸಾದ ಮೇಲೆ ಅಂಗಡಿ ಮುಚ್ಚಿ, ಮಿಕ್ಕ ಬಾಟಲಿಗಳನ್ನೆಲ್ಲ ಮನೆಗೆ ಸಾಗಿಸಿ, ದಿನಕ್ಕೊಂದರಂತೆ ಮೈಗೆ ಸುರಿದುಕೊಳ್ಳುತ್ತಿದ್ದ. ಅವನು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಮಲಗಿದ ನಾಯಿಗಳು ಎದ್ದು ಬೇರೆ ಬೀದಿಗೆ ಹೋಗುತ್ತಿದ್ದವು ಎನ್ನುವುದು ಇನ್ಸ್‌ಪೆಕ್ಟರ ಹೇಳಿಕೆ.

ಹಗೆ ಶುರುವಾದದ್ದು ಆ ಅಂಗಡಿ ತೆರೆದ ದಿನವೇ. ಇಡೀ ಬಳಗದ ಎದುರು ಷಡ್ಡಕ ಒಂದು ಕಾಗದದ ಪಟ್ಟಿಯನ್ನು ಬಾಟಲಿಯಲ್ಲಿ ಅದ್ದಿ ಇನ್ಸ್‌ಪೆಕ್ಟರ ಮೂಗಿನ ಕೆಳಗೆ ಹಿಡಿದ. "ಭಾವ, ನಿಮ್ಮಂಥ ಮೂಗು ಈ ಊರಲ್ಲಿ ಇನ್ನೊಂದಿಲ್ಲ. ಇದು ಯಾವ ಸೆಂಟು, ಹೇಳಿ ನೋಡೋಣ." ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ, ಉಸಿರೆಳೆದು, ಮೊದಲು ಗುಲಾಬಿ ಬರುತ್ತದೆ, ಅದರ ಹಿಂದೆ ಒಂದಿಷ್ಟು ಹಳೇ ಮರ, ಕೊನೆಗೆ ಎಲ್ಲೋ ದೂರದಲ್ಲಿ ನಿಂಬೆ ಎಂದು ಸಾವಧಾನವಾಗಿ ವಿವರಿಸಿದರು. ಅದು ನಲ್ಲಿ ನೀರಾಗಿತ್ತು. ಬಳಗ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದಾಚೆ ಯಾವ ಮದುವೆಯಲ್ಲಿ ಸಿಕ್ಕರೂ ಷಡ್ಡಕ ನೀರಿನ ಲೋಟ ಎತ್ತಿ, "ಭಾವ, ಇದರಲ್ಲಿ ನಿಂಬೆ ಇದೆಯಾ ನೋಡಿ," ಅನ್ನುವುದು, ಜನ ನಗುವುದು. ಒಂದು ಸಾವಿನ ಮನೆಯಲ್ಲಿ ಹೆಣದ ಪಕ್ಕ ನಿಂತವರೂ ನಕ್ಕರು. ಹೆಣವೂ ನಕ್ಕಿತು ಎಂದು ಇನ್ಸ್‌ಪೆಕ್ಟರಿಗೆ ಅನುಮಾನ. ಇವನಿಗೆ ಒಂದು ದಿನ ಸರಿಯಾಗಿ ಮಾಡಬೇಕು ಎಂಬ ಒಂದೇ ಆಸೆಯನ್ನು ಸಾಕಿಕೊಂಡು ಅವರು ಮುದುಕರಾಗಿದ್ದರು.

ಇವರ ಕಿಡ್ನಿ ಹೋದ ಮಾರನೇ ವರ್ಷ ಷಡ್ಡಕನದೂ ಹೋಯಿತು.

"ಸ್ವಂತ ಬುದ್ಧಿಯಿಂದ ಒಂದು ಕಾಯಿಲೆ ತರಿಸಿಕೊಳ್ಳೋಕೂ ಆಗ್ಲಿಲ್ಲ ಅವನಿಗೆ," ಎಂದರು ಇನ್ಸ್‌ಪೆಕ್ಟರು ಹೆಂಡತಿಗೆ. "ಅದನ್ನೂ ನನ್ನ ನೋಡಿ ಕಾಪಿ ಹೊಡೆದ."

"ಸುಮ್ನಿರಿ," ಎಂದಳು ಹೆಂಡತಿ. "ಇನ್ನು ನಾನೂ ತಂಗಿಯೂ ಒಂದೇ ಟ್ಯಾಕ್ಸೀಲಿ ಹೋಗಿ ಬರಬಹುದು."

ಸೆಂಟರಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಒಂದೇ ಒಂದು. ಬೆಳಗಿನ ಪಾಳಿಯಲ್ಲಿ ಯಾರು ಮೊದಲು ಬಂದರೋ ಅವರಿಗೆ ಅದು. ಮೆಷಿನ್ನಿಗೆ ಮೊದಲು ಹಾಕುವುದೂ ಅವರನ್ನೇ, ಮೊದಲು ಬಿಡಿಸಿ ಮನೆಗೆ ಕಳಿಸುವುದೂ ಅವರನ್ನೇ. ಒಂದೇ ಟ್ಯಾಕ್ಸಿಯಲ್ಲಿ ಬಂದರೂ ಗೇಟಿನ ಹತ್ತಿರ ಇಳಿದ ಕೂಡಲೇ ಇಬ್ಬರು ಷಡ್ಡಕರೂ ನಡಿಗೆ ಚುರುಕು ಮಾಡುತ್ತಿದ್ದರು. ಓಡುವಂತಿಲ್ಲ, ಓಡಿದರೆ ಮರ್ಯಾದೆ ಹೋಗುತ್ತದೆ. ಕಾಲು ಓಡುತ್ತಿತ್ತು, ಮುಖ ಮಾತ್ರ ವಾಕಿಂಗ್ ಹೊರಟಂತಿತ್ತು. ಅಕ್ಕ ತಂಗಿ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತು ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಂಡು ಇಬ್ಬರು ಗಂಡಂದಿರನ್ನೂ ಒಟ್ಟಿಗೆ ಬೈಯುತ್ತಿದ್ದರು. ಅವರಿಗೆ ಅದೊಂದು ಹಿತವಾದ ಬೆಳಗು.

ಹೆಚ್ಚಾಗಿ ಗೆಲ್ಲುತ್ತಿದ್ದವರು ಇನ್ಸ್‌ಪೆಕ್ಟರೇ. ಗೆದ್ದ ಮೇಲೆ ಟೆಕ್ನಿಷಿಯನ್ನನ ತಲೆ ತಿನ್ನಲು ಶುರುಮಾಡುತ್ತಿದ್ದರು. ಟೆಕ್ನಿಷಿಯನ್ ಸಾಧು ಮನುಷ್ಯ. ಯಾರು ಜೋರಾಗಿ ಮಾತಾಡುತ್ತಾರೋ ಅವರ ಮಾತು ಕೇಳುವವನು.

"ಇನ್ನೂ ಎಷ್ಟು ಹೊತ್ತಪ್ಪ?"

"ಫಿಲ್ಟರ್ ತೊಳೀತಿದೀನಿ ಸಾರ್. ಸಲೈನ್ ಒಂದು ಬ್ಯಾಗ್ ಪೂರ್ತಿ ಹೋಗ್ಬೇಕು."

"ಈ ಕಡೆಯಿಂದ ಬಿಟ್ಟಿದ್ದು ಆ ಕಡೆಯಿಂದ ಬಂತಲ್ಲ, ಇನ್ನೇನು ತೊಳೆಯೋದು? ಜೀವಮಾನ ಪೂರ್ತಿ ಪೈಪ್ ನೋಡಿದೀನಿ ನಾನು. ಒಂದು ಸಲ ಪುಸ್ ಅಂತ ಬಿಟ್ರೆ ಸಾಕು. ಅವನು ಬಟ್ಟೆ ಬದಲಾಯಿಸಿ ಬರೋದ್ರೊಳಗೆ ನನ್ನ ಹಾಕ್ಬಿಡು."

ಟೆಕ್ನಿಷಿಯನ್ ಬ್ಯಾಗ್ ಅರ್ಧಕ್ಕೇ ನಿಲ್ಲಿಸಿ ಹಾಕಿಬಿಡುತ್ತಿದ್ದ. ಇವರಿಗೆ ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ, ಮೆಷಿನ್ ಸರಿಮಾಡುವಷ್ಟರಲ್ಲಿ ಷಡ್ಡಕನ ಫಿಲ್ಟರು ತನ್ನ ಪಾಡಿಗೆ ತಾನು ಬ್ಯಾಗ್ ಪೂರ್ತಿ ಕುಡಿದು ಮುಗಿಸಿರುತ್ತಿತ್ತು. ಷಡ್ಡಕ ಎರಡನೆಯವನಾಗಿ ಮಲಗುತ್ತಿದ್ದ. ಅಷ್ಟರಲ್ಲಿ ಇನ್ಸ್‌ಪೆಕ್ಟರು ಸೀನಲು ಶುರುಮಾಡಿರುತ್ತಿದ್ದರು.

"ಸಿಸ್ಟರ್, ನನ್ನ ಮೂಗು ಯಾಕೆ ಕಟ್ಟುತ್ತೆ ಅಂತ ರಿಪೋರ್ಟ್ ಬೇಕಾಗಿಲ್ಲ. ಕಾರಣ ಪಕ್ಕದ ಕುರ್ಚೀಲಿ ಮಲಗಿದೆ."

"ಭಾವ, ನಾನು ಇವತ್ತು ಹಾಕಿರೋದು ಬರೀ ಲ್ಯಾವೆಂಡರ್," ಎಂದ ಷಡ್ಡಕ.

"ಬರೀ ಅಂತೆ. ಬಕೆಟ್ಟಲ್ಲಿ ಮುಳುಗಿ ಎದ್ದು ಬಂದು ಬರೀ ಅಂತಾನೆ."

"ಕಟ್ಟಿರೋ ಮೂಗಿಗೆ ಅದು ಬಕೆಟ್ಟು ಅಂತ ಹೇಗೆ ಗೊತ್ತಾಯ್ತು?"

ಹಾಲಿನಲ್ಲಿದ್ದವರೆಲ್ಲ, ಸೂಜಿ ಅಲುಗದ ಹಾಗೆ ಕೈ ಹಿಡಿದುಕೊಂಡು ನಕ್ಕರು.

ಇನ್ಸ್‌ಪೆಕ್ಟರು ಬಿಡಲಿಲ್ಲ. ಡಾಕ್ಟರಮ್ಮನ ರೂಮಿಗೆ ಹೋಗಿ, ಬಂದು, ಹೋಗಿ, ಸೆಂಟರಿನೊಳಗೆ ಯಾರೂ ಸೆಂಟು ಹಾಕಿಕೊಂಡು ಬರಕೂಡದೆಂದು ಆರ್ಡರ್ ಮಾಡಿಸಿದರು. ಷಡ್ಡಕ ಬರೀ ಸೋಪಿನಲ್ಲಿ ಮಿಂದು ಬಂದ. ಇವರು ಸೀನಿದರು. ಅಂಗಿಯಲ್ಲಿ ಉಳಿದಿದೆ ಎಂದರು; ಅವನು ಹೊಸ ಅಂಗಿ ಹಾಕಿಕೊಂಡು ಬಂದ. ಇವರು ಸೀನಿದರು. ಕೂದಲಲ್ಲಿದೆ ಎಂದರು. ಷಡ್ಡಕ ತಲೆ ಬೋಳಿಸಿಕೊಂಡು, ಹುಬ್ಬನ್ನೂ ಬೋಳಿಸಿಕೊಂಡು, ಆಸ್ಪತ್ರೆಯ ಗೌನಿನಲ್ಲಿ ಬೇಯಿಸಿದ ಮೊಟ್ಟೆಯ ಹಾಗೆ ಬಂದು ಕೂತ. ಆ ದಿನದ ಸೀನಿಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಮುಂದಿನ ತಿಂಗಳಿಗೆ ಮಗುಚಿತು.

"ಇನ್ನು ಚರ್ಮ ಸುಲಿಸ್ಕೊಂಡು ಬರಲಾ ಭಾವ?"

"ಬಾ. ಅದನ್ನೂ ನೋಡೇಬಿಡೋಣ."

ಆಮೇಲೊಂದು ದಿನ ಸೀನಿನ ಜೊತೆಗೆ ಎದೆಯೂ ಬಿಗಿಯಿತು. ಬಿಪಿ ಸರ್ರನೆ ಇಳಿದು, ಇನ್ಸ್‌ಪೆಕ್ಟರಿಗೆ ಮೇಲಿನ ಫ್ಯಾನು ದೂರ ದೂರ ಹೋದಂತೆ ಕಂಡಿತು. ಹೇಗೋ ಹಿಡಿದು ನಿಲ್ಲಿಸಿದರು. ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದರು: "ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ. ದೂರದ ದೊಡ್ಡಾಸ್ಪತ್ರೆಗೆ ಹೋಗ್ಬೇಕಾಗುತ್ತೆ."

ಸಾಯುವುದು ಇನ್ಸ್‌ಪೆಕ್ಟರಿಗೆ ಒಪ್ಪಿಗೆಯಿತ್ತು. ಷಡ್ಡಕನಿಗೆ ಕಿಟಕಿ ಬಿಟ್ಟುಕೊಟ್ಟು ಬದುಕುವುದು ಒಪ್ಪಿಗೆಯಿರಲಿಲ್ಲ.

ಮುಂದಿನ ಸರದಿಯ ದಿನ ನಾದಿನಿಗೆ ಏನೋ ಕೆಲಸವಿದ್ದು ಅವಳೂ ಷಡ್ಡಕನೂ ಮೊದಲೇ ಹೊರಟುಹೋಗಿದ್ದರು. ಇನ್ಸ್‌ಪೆಕ್ಟರ ಟ್ಯಾಕ್ಸಿ ನಡುದಾರಿಯಲ್ಲಿ ಪಂಕ್ಚರಾಯಿತು. ಸೆಂಟರ್ ತಲುಪುವಷ್ಟರಲ್ಲಿ ಬಹಳ ತಡವಾಗಿತ್ತು. ಇವರು ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಷಡ್ಡಕ ಕಿಟಕಿ ಪಕ್ಕದಲ್ಲಿ ಆರಾಮಾಗಿ ಮಲಗಿದ್ದ. ಅಷ್ಟೇ ಅಲ್ಲ, ಶನಿ ಇವತ್ತು ಬರಲ್ಲ ಎಂಬ ಧೈರ್ಯದಲ್ಲಿ ಜೇಬಿನಿಂದ ಬಾಟಲಿ ತೆಗೆದು ಎರಡೂ ಕಿವಿಯ ಹಿಂದೆ ಹಚ್ಚಿಕೊಂಡಿದ್ದ. ಇವರಿಗಾಗಿ ಇಟ್ಟಿದ್ದ ಫಿಲ್ಟರು ಅಷ್ಟು ಹೊತ್ತೂ ತೊಳೆದುಕೊಂಡು ಕೂತಿತ್ತು. ಟೆಕ್ನಿಷಿಯನ್ ಸೀದಾ ಅದಕ್ಕೇ ಇವರನ್ನು ಸೇರಿಸಿದ.

ಇನ್ಸ್‌ಪೆಕ್ಟರು ಸೀನಿಗೆ ತಯಾರಾಗಿ ಬಾಯಿ ತೆರೆದು ಮಲಗಿದರು. ಬರಲಿಲ್ಲ. ಬಸ್‌ಸ್ಟಾಪಿನಲ್ಲಿ ಕಾದಂತೆ ಕಾದರು. ಬರಲೇ ಇಲ್ಲ. ಅದರ ಬದಲು ವಾಸನೆಗಳು ಬಂದವು, ಒಂದೊಂದಾಗಿ, ಊರಿಗೆ ಹೋಗಿದ್ದ ನೆಂಟರು ವಾಪಸ್ ಬಂದ ಹಾಗೆ: ಸ್ಪಿರಿಟ್ಟು, ನೆಲ ಒರೆಸಿದ ಫಿನಾಯಿಲು, ಸಿಸ್ಟರ್ ತಲೆಗೆ ಹಚ್ಚಿದ ಎಣ್ಣೆ, ಗೇಟಿನಾಚೆ ವಾಚ್‌ಮನ್ ಸೇದಿ ಎಸೆದ ಸಿಗರೇಟು. ಎಲ್ಲಕ್ಕೂ ಮೇಲೆ, ಇಡೀ ಹಾಲಿನ ಮೇಲೆ ಕಂಬಳಿ ಹೊದಿಸಿದಂತೆ, ಷಡ್ಡಕನ ಲ್ಯಾವೆಂಡರ್.

ಸೆಂಟು ಇದೆ, ಸೀನು ಇಲ್ಲ. ಅಂದರೆ ಷಡ್ಡಕ ನಿರಪರಾಧಿ. ಇಷ್ಟು ಕೆಟ್ಟ ಸುದ್ದಿ ಅವರಿಗೆ ಕಿಡ್ನಿ ಹೋದಾಗಲೂ ಬಂದಿರಲಿಲ್ಲ.

ಗ್ಯಾಸ್ ಸೋರಿಕೆ ಹುಡುಕುವವರು ಒಂದೊಂದೇ ವಾಲ್ವ್ ಮುಚ್ಚಿಕೊಂಡು ಬರುತ್ತಾರೆ. ಯಾವುದನ್ನು ಮುಚ್ಚಿದಾಗ ವಾಸನೆ ನಿಂತಿತೋ ಅಲ್ಲಿ ಕಳ್ಳ. ಇನ್ಸ್‌ಪೆಕ್ಟರು ಮಲಗಿದಲ್ಲೇ ಮುಚ್ಚಿಕೊಂಡು ಬಂದರು. ಅದೇ ಔಷಧಿ, ಅದೇ ಸೂಜಿ, ಅದೇ ಪಟ್ಟಿ, ಅದೇ ಷಡ್ಡಕ. ಬೇರೆಯಾಗಿದ್ದು ಒಂದೇ, ಇವತ್ತು ತಾವು ಅವಸರ ಮಾಡಿರಲಿಲ್ಲ. ಮುಗಿಸಿಕೊಂಡು ಎದ್ದವರೇ ಡಾಕ್ಟರಮ್ಮನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

"ಆ ಫಿಲ್ಟರ್ ಯಾಕೆ ತೊಳೀತಾರೆ ಡಾಕ್ಟ್ರೇ?"

"ಹೊಸ ಫಿಲ್ಟರಲ್ಲಿ ಕ್ರಿಮಿ ಇರಬಾರದು ಅಂತ ಫ್ಯಾಕ್ಟ್ರೀಲಿ ಒಂದು ಗ್ಯಾಸ್ ಹಾಯಿಸಿರ್ತಾರೆ. ನಾವು ತರಿಸೋ ಕಂಪನೀದು ಹಾಗೇ. ಅದರ ಅಂಶ ಒಳಗೆ ಚೂರು ಉಳಿದಿರುತ್ತೆ. ಸಲೈನಲ್ಲಿ ಪೂರ್ತಿ ತೊಳೆದ್ರೆ ಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ಕೆಲವರಿಗೆ ಸೀನು, ಮೂಗು ಕಟ್ಟೋದು, ದದ್ದು. ಜಾಸ್ತಿಯಾದ್ರೆ ಜೀವಕ್ಕೇ ಬರುತ್ತೆ. ಯಾಕೆ, ನಿಮ್ಮದು ಸರಿಯಾಗಿ ತೊಳೀತಿಲ್ವಾ?"

"ಗ್ಯಾಸಾ?"

"ಹೂಂ, ಗ್ಯಾಸು."

ಇನ್ಸ್‌ಪೆಕ್ಟರು ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಇನ್ನೊಮ್ಮೆ ನೋಡಿ ಬಂದು ಕೂತರು. ಊರಿಗೆಲ್ಲ ಗ್ಯಾಸ್ ಹಿಡಿದುಕೊಟ್ಟ ಮೂಗಿನ ಯಜಮಾನರು, ತಾವೇ ಅವಸರ ಮಾಡಿ, ತಾವೇ ಗ್ಯಾಸ್ ಏರಿಸಿಕೊಂಡು, ಇನ್ನೊಬ್ಬನ ಹುಬ್ಬು ಬೋಳಿಸಿದ್ದರು. ಇದು ಷಡ್ಡಕನ ಕಿವಿಗೆ ಬಿದ್ದರೆ ನಲ್ಲಿ ನೀರಿನ ಕತೆ ಮಕ್ಕಳ ಆಟವಾಗುತ್ತಿತ್ತು. ಇದನ್ನು ಅವನು ಇವರ ತಿಥಿಯಲ್ಲೂ ಹೇಳುತ್ತಾನೆ.

"ಇದು ಹೊರಗೆ ಹೋಗಬಾರದು ಡಾಕ್ಟ್ರೇ."

"ಇದರಲ್ಲಿ ಗುಟ್ಟೇನಿದೆ?"

"ಅದು ನಮ್ಮನೆ ವಿಷಯ," ಎಂದು ಇನ್ಸ್‌ಪೆಕ್ಟರು ಎದ್ದರು. ಬಾಗಿಲಿನವರೆಗೆ ಹೋಗಿ ತಿರುಗಿದರು. "ಈ ಅಲರ್ಜಿ... ಇಲ್ಲದೇ ಇರೋರಿಗೂ ಬರುತ್ತಾ?"

"ಪದೇ ಪದೇ ಅದು ಒಳಗೆ ಹೋಗ್ತಿದ್ರೆ ಕೆಲವರಿಗೆ ನಿಧಾನಕ್ಕೆ ಶುರುವಾಗಬಹುದು. ಬೇರೆಯವರ ಬಗ್ಗೆಯೂ ಯೋಚನೆ ಮಾಡ್ತೀರಲ್ಲ, ಸಂತೋಷ."

"ಅವರ ಬಗ್ಗೆಯೇ ಯೋಚನೆ ನನಗೆ," ಎಂದರು ಇನ್ಸ್‌ಪೆಕ್ಟರು. ಅದು ನಿಜವೇ ಆಗಿತ್ತು.

ಡಾಕ್ಟರಮ್ಮ ಟೆಕ್ನಿಷಿಯನ್ನನನ್ನು ಕರೆದು, ಇವರಿಗೆ ಅಲರ್ಜಿ ಇದೆ, ಇವರ ಫಿಲ್ಟರಿಗೆ ಇನ್ನು ಎರಡು ಬ್ಯಾಗ್ ಎಂದು ಹೇಳಿದರು. ಟೆಕ್ನಿಷಿಯನ್ ಇದನ್ನು ತನಗೆ ತಿಳಿದಂತೆ ತಿಳಿದುಕೊಂಡ: ಅಲರ್ಜಿ ಇರುವವರಿಗೆ ತೊಳೆಯಬೇಕು, ಇಲ್ಲದವರಿಗೆ ನಡೆಯುತ್ತದೆ.

ಮುಂದಿನ ಸಲ ಗೇಟಿನ ಹತ್ತಿರ ಇಳಿದಾಗ ಇನ್ಸ್‌ಪೆಕ್ಟರು ನಿಂತುಬಿಟ್ಟರು.

"ನೀವು ಮೊದಲು ಹೋಗಿ," ಎಂದರು.

ಇವರು ಯಾರಿಗೆ ಹೇಳುತ್ತಿದ್ದಾರೆಂದು ಷಡ್ಡಕ ಹಿಂದೆ ತಿರುಗಿ ನೋಡಿದ. ಅವನ ಜೀವಮಾನದಲ್ಲಿ ಭಾವ ಅವನನ್ನು ಬಹುವಚನದಲ್ಲಿ ಮಾತಾಡಿಸಿರಲಿಲ್ಲ.

"ನಿಮಗೇ. ಕಿಟಕಿ ನಿಮಗೇ ಇರ್ಲಿ. ವಯಸ್ಸಾಯ್ತು, ಇನ್ನೆಷ್ಟು ದಿನ ಜಗಳ."

"ರೀ," ಎಂದು ಹೆಂಡತಿ ಇವರ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ."

ಷಡ್ಡಕ ಅನುಮಾನದಿಂದ ಎರಡು ಹೆಜ್ಜೆ ಇಟ್ಟ, ತಿರುಗಿ ನೋಡಿದ, ಆಮೇಲೆ ಕಿಟಕಿಯ ಆಸೆ ಗೆದ್ದು ಒಳಗೆ ಓಡಿದ.

ಒಳಗೆ ಇನ್ಸ್‌ಪೆಕ್ಟರ ದನಿ ಮೊದಲಿನಷ್ಟೇ ಜೋರಾಗಿತ್ತು, ಮಾತು ಮಾತ್ರ ಬೆಣ್ಣೆ. "ನಮ್ಮ ಷಡ್ಡಕರನ್ನ ಯಾಕಪ್ಪ ಕಾಯಿಸ್ತೀಯ? ಅಲರ್ಜಿ ಇರೋನು ನಾನು, ಅವರಲ್ಲ. ಅವರದ್ದು ಪುಸ್ ಅಂತ ಬಿಟ್ಟು ಬೇಗ ಹಾಕು ಪಾಪ. ನಂದು ನಿಧಾನವಾಗಿ ತೊಳಿ, ನನಗೇನು ಅವಸರ."

ಟೆಕ್ನಿಷಿಯನ್ನನಿಗೆ ಎರಡು ಬ್ಯಾಗಿನ ಹೊತ್ತನ್ನು ಎಲ್ಲಾದರೂ ಉಳಿಸಬೇಕಾಗಿತ್ತು. ಷಡ್ಡಕನ ಬ್ಯಾಗ್ ಅರ್ಧಕ್ಕೇ ನಿಂತಿತು.

ವಾರಗಟ್ಟಲೆ ಏನೂ ಆಗಲಿಲ್ಲ. ಷಡ್ಡಕ ಕಿಟಕಿಯಲ್ಲಿ ಕಾಣುವುದನ್ನೆಲ್ಲ ರೇಡಿಯೋದ ಹಾಗೆ ವರದಿ ಮಾಡುತ್ತಿದ್ದ. "ಎದುರುಗಡೆ ಟೈಲರ್ ಅಂಗಡೀಲಿ ಪ್ಯಾಂಟ್ ನೇತುಹಾಕಿದಾನೆ ಭಾವ. ಒಂದು ಕಾಲು ಗಿಡ್ಡ. ನಿಮಗೆ ಕಾಣಲ್ಲ ಪಾಪ." ಇನ್ಸ್‌ಪೆಕ್ಟರು ನಗುತ್ತಿದ್ದರು. ಬಿಟ್ಟ ಮೂಗಿನಿಂದ ತಂಪಾಗಿ ಉಸಿರಾಡುತ್ತ, ಷಡ್ಡಕನ ಮೂಗಿನ ತುದಿಯನ್ನೇ, ಒಲೆಯ ಮೇಲಿಟ್ಟ ಹಾಲು ನೋಡುವಂತೆ ನೋಡುತ್ತಿದ್ದರು.

ಒಂದು ದಿನ ಆ ತುದಿ ಅಲುಗಿತು.

ಷಡ್ಡಕ ಅಂಗೈಯಿಂದ ಮೂಗು ಉಜ್ಜಿಕೊಂಡ. ಮತ್ತೆ ಉಜ್ಜಿಕೊಂಡ. ಆಮೇಲೆ ಒಂದು ಸಣ್ಣ ಸೀನು ಸೀನಿದ. ಇನ್ಸ್‌ಪೆಕ್ಟರಿಗೆ ಮೊಮ್ಮಗು ಮೊದಲ ಮಾತಾಡಿದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

"ನೆಗಡಿಯಾ?" ಎಂದು ಕೇಳಿದರು.

"ಏನೋ ಧೂಳು ಭಾವ."

ಅದರ ಮುಂದಿನ ಸಲ ಧೂಳು ಜಾಸ್ತಿಯಾಯಿತು. ಅದರ ಮುಂದಿನ ಸಲ ಷಡ್ಡಕ ಮೆಷಿನ್ನಿಗೆ ಸೇರಿದ ಕೂಡಲೇ ಶುರುಮಾಡಿದ, ಸ್ಕೂಟರ್ ಒದ್ದಂತೆಯೇ. ಕಣ್ಣಿನ ರೆಪ್ಪೆ ಊದಿತು. ಬೋಳು ತಲೆಯ ಮೇಲೆ ಇನ್ನೂ ಮುಳ್ಳಿನಂತಿದ್ದ ಕೂದಲ ನಡುವೆ ದದ್ದುಗಳು ಸಾಲಾಗಿ ಎದ್ದವು. ಹಾಲಿನ ಆಚೆ ತುದಿಯಲ್ಲಿ ಯಾರದೋ ಮೆಷಿನ್ ಕೂಗಿಕೊಂಡು, ಟೆಕ್ನಿಷಿಯನ್ನೂ ಸಿಸ್ಟರೂ ಅಲ್ಲಿಗೆ ಹೋಗಿದ್ದರು. ಷಡ್ಡಕ ಗಂಟೆಯ ಬಟನ್ ಹುಡುಕಿ ಕೈ ಚಾಚಿದ. ಬಟನ್ನಿನ ವಯರು ಜಾರಿ ಇನ್ಸ್‌ಪೆಕ್ಟರ ಕಡೆ ಬಿದ್ದಿತ್ತು, ಅವರು ಅದನ್ನು ಎತ್ತಿ, ಸೂಜಿಯಿಲ್ಲದ ಕೈಯಲ್ಲಿ ಹಿಡಿದುಕೊಂಡಿದ್ದರು.

ಇನ್ನೊಂದೇ ಸೀನು, ಎಂದುಕೊಂಡರು ಇನ್ಸ್‌ಪೆಕ್ಟರು. ಮದುವೆ ಮನೆಗಳಲ್ಲಿ ನಗಿಸಿದ್ದಕ್ಕೆ ಒಂದು, ಸಾವಿನ ಮನೆಯಲ್ಲಿ ನಗಿಸಿದ್ದಕ್ಕೆ ಒಂದು. ಸಾವಿನ ಮನೆಯದು ಇನ್ನೂ ಬಾಕಿ ಇದೆ.

ಷಡ್ಡಕ ಬಾಯಿ ತೆರೆದ. ಸೀನು ಬರಲಿಲ್ಲ. ಸೀಟಿಯಂಥ ತೆಳುವಾದ ಒಂದು ಸದ್ದು ಬಂತು, ಆಮೇಲೆ ಅದೂ ನಿಂತಿತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ಇವರ ಮುಖ ನೋಡುತ್ತಿರಲಿಲ್ಲ. ಇವರ ಕೈಯಲ್ಲಿದ್ದ ಬಟನ್ ನೋಡುತ್ತಿದ್ದ.

ಇನ್ಸ್‌ಪೆಕ್ಟರು ಬಟನ್ ಒತ್ತಿದರು. ಒತ್ತಿದ್ದು ಸಾಲದೆಂದು ಇಡೀ ಹಾಲು ಅದುರುವಂತೆ ಕೂಗಿದರು. "ಫಿಲ್ಟರ್ ಗ್ಯಾಸ್ ಇವನಿಗೆ ಏರಿದೆ. ಪೈಪ್ ಬಂದ್ ಮಾಡ್ರೋ, ಅದರಲ್ಲಿರೋ ರಕ್ತ ಒಳಗೆ ಬಿಡಬೇಡಿ."

ಜನ ಓಡಿಬಂದರು. ಕೊಳವೆಗಳಿಗೆ ಕ್ಲಾಂಪ್ ಬಿತ್ತು, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಬಂತು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹೋಯಿತು. ಸೋಸಲು ಹೊರಗೆ ಹೋಗಿದ್ದ ರಕ್ತವನ್ನು ಫಿಲ್ಟರಿನ ಸಮೇತ ಎಸೆದರು. ಬಹಳ ಹೊತ್ತಿನ ಮೇಲೆ ಷಡ್ಡಕನ ತುಟಿಗೆ ಬಣ್ಣ ಬಂತು. ಡಾಕ್ಟರಮ್ಮ ಹಣೆಯ ಬೆವರು ಒರೆಸಿಕೊಂಡು ಟೆಕ್ನಿಷಿಯನ್ನನ ಕಡೆ ತಿರುಗಿದರು.

"ಎಷ್ಟು ತೊಳೆದೆ?"

"ಅರ್ಧ ಬ್ಯಾಗ್ ಮೇಡಂ."

"ಯಾಕೆ?"

"ಇನ್ಸ್‌ಪೆಕ್ಟರು ಹೇಳಿದ್ರು ಮೇಡಂ. ಷಡ್ಡಕರನ್ನ ಕಾಯಿಸಬೇಡ, ಪಾಪ, ಬೇಗ ಹಾಕು ಅಂತ. ದಿನಾ ಹೇಳ್ತಾರೆ."

ಹಾಲಿನಲ್ಲಿದ್ದವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹೊರಗಿನಿಂದ ಓಡಿಬಂದಿದ್ದ ನಾದಿನಿಗಂತೂ ಕಣ್ಣು ತುಂಬಿ ಬಂತು. "ನೋಡಕ್ಕ, ಭಾವ ಎಷ್ಟು ಕಾಳಜಿ ಮಾಡ್ತಿದ್ರು. ಇವತ್ತು ಜೀವ ಉಳಿಸಿದ್ದೂ ಅವರೇ." ಇನ್ಸ್‌ಪೆಕ್ಟರ ಹೆಂಡತಿ ಗಂಡನನ್ನು ಮೊದಲ ಸಲ ನೋಡುವಂತೆ ನೋಡಿದಳು. ಮಾಸ್ಕಿನ ಒಳಗಿನಿಂದ ಷಡ್ಡಕನೂ ನೋಡಿದ. ಅವನು ನೋಡಿದ ರೀತಿ ಬೇರೆ.

ಅವನು ಒಂದು ವಾರ ವಾರ್ಡಿನಲ್ಲಿದ್ದು ವಾಪಸ್ ಬಂದ. ಅಷ್ಟರಲ್ಲಿ ಸೆಂಟರಿನಲ್ಲಿ ಹೊಸ ಆರ್ಡರ್ ಆಗಿತ್ತು: ಯಾರದೇ ಫಿಲ್ಟರಾಗಲಿ ಪೂರ್ತಿ ತೊಳೆಯಬೇಕು, ಅದು ಮುಗಿಯುವವರೆಗೆ ಪೇಷೆಂಟುಗಳು ಟೆಕ್ನಿಷಿಯನ್ನನ ಜೊತೆ ಮಾತಾಡಕೂಡದು. ಓಡಾಟ ತಪ್ಪಿಸಲು ಕುರ್ಚಿಗಳನ್ನೂ ಖಾಯಂ ಮಾಡಿದರು. ಆಕ್ಸಿಜನ್ ಪೈಪು ಕಿಟಕಿಯ ಹತ್ತಿರ ಇದ್ದುದರಿಂದ ಕಿಟಕಿ ಷಡ್ಡಕನಿಗೆ. ಪಕ್ಕದ್ದು ಇನ್ಸ್‌ಪೆಕ್ಟರಿಗೆ, ಗಂಡನ ಜೀವ ಉಳಿಸಿದವರು ಗಂಡನ ಪಕ್ಕದಲ್ಲೇ ಇರಲಿ ಎಂದು ನಾದಿನಿ ಕೇಳಿಕೊಂಡಿದ್ದಳು.

ಇಬ್ಬರಿಗೂ ಸೂಜಿ ಹಾಕಿ, ಮೆಷಿನ್ ಶುರುಮಾಡಿ ಎಲ್ಲರೂ ಆಚೆ ಹೋದ ಮೇಲೆ ಷಡ್ಡಕ ಸಣ್ಣ ದನಿಯಲ್ಲಿ ಹೇಳಿದ:

"ಗಂಟೆ ನಿಮ್ಮ ಕೈಯಲ್ಲೇ ಇತ್ತು ಭಾವ."

"ಒತ್ತಿದೆನಲ್ಲ."

"ಒತ್ತಿದ್ರಿ. ಕೊನೆಗೆ."

ಇನ್ಸ್‌ಪೆಕ್ಟರು ಮೇಲಿನ ಫ್ಯಾನು ನೋಡಿದರು. "ಹೆಂಗಸರಿಗೆ ಹೇಳ್ತೀಯಾ?"

"ಹೇಳಲ್ಲ. ಹೇಳಿದ್ರೆ ಅತ್ತಿಗೆ ನಿಮ್ಮನ್ನ ಮನೆಯಿಂದ ಆಚೆ ಹಾಕ್ತಾರೆ. ನೀವು ಮುಖ ತೋರಿಸೋಕಾಗದೆ ಬೇರೆ ಸೆಂಟರಿಗೆ ಹೋಗ್ತೀರಿ. ನನಗೆ ನೀವು ಇಲ್ಲೇ ಬೇಕು, ಪಕ್ಕದಲ್ಲೇ." ಷಡ್ಡಕ ದಿಂಬಿನ ಮೇಲೆ ತಲೆ ಹೊರಳಿಸಿದ. "ಮೂಗು ಚೆನ್ನಾಗಿ ಬಿಟ್ಟಿದೆಯಾ?"

"ಬಿಟ್ಟಿದೆ."

"ಎರಡೂ ಹೊಳ್ಳೆ?"

"ಎರಡೂ."

"ಒಳ್ಳೇದಾಯ್ತು. ಅಂದಹಾಗೆ, ಸೆಂಟಿಂದ ಅಲರ್ಜಿ ಅಲ್ಲ ಅಂತ ಗೊತ್ತಾಯ್ತಲ್ಲ. ಆ ಆರ್ಡರ್ ವಾಪಸ್ ತಗೊಂಡ್ರಂತೆ."

ಅವನು ಗೌನಿನ ಜೇಬಿನಿಂದ ಒಂದು ಬಾಟಲಿ ತೆಗೆದು ಹಲ್ಲಿನಿಂದ ಮುಚ್ಚಳ ಬಿಚ್ಚಿದ. ಇಪ್ಪತ್ತು ವರ್ಷ ಯಾರೂ ಕೊಳ್ಳದೆ ಅಂಗಡಿಯ ಅಟ್ಟದಲ್ಲಿ ಬಿಸಿಲಿಗೆ ಬೆಂದ ಮಾಲು ಅದು. ಹಾಲಿನಲ್ಲಿದ್ದ ಬೇರೆಯವರು ಒಮ್ಮೆ ಮೂಗು ಸಿಂಡರಿಸಿ ಮತ್ತೆ ಟಿವಿ ನೋಡತೊಡಗಿದರು, ಅವರದು ಸಾಧಾರಣ ಮೂಗು. ಫೋನಿನ ವಯರಿನಲ್ಲಿ ವಾಸನೆ ಹಿಡಿಯುವ ಮೂಗಿಗೆ ಅದು, ಸತ್ತ ಇಲಿಗೆ ಯಾರೋ ಪೌಡರ್ ಹಚ್ಚಿ ಮದುಮಗಳ ಸೀರೆ ಉಡಿಸಿ ಎದೆಯ ಮೇಲೆ ಕೂರಿಸಿದಂತಿತ್ತು. ಏಳುವಂತಿಲ್ಲ, ತೋಳಿನಲ್ಲಿ ಸೂಜಿ. ತಿರುಗುವಂತಿಲ್ಲ. ಸೀನು ಬಂದರೆ ಒಂದು ಕ್ಷಣವಾದರೂ ಬಿಡುವು ಸಿಗುತ್ತಿತ್ತು, ಚೆನ್ನಾಗಿ ತೊಳೆದ ಫಿಲ್ಟರಿನಲ್ಲಿ ಸೀನೂ ಇರಲಿಲ್ಲ.

ಮುಂದಿನ ಸಲ ಬೇರೆ ಬಾಟಲಿ. ಅದರ ಮುಂದಿನ ಸಲ ಇನ್ನೂ ಹಳೆಯದು. ಮನೆಯ ಅಲಮಾರಿನಲ್ಲಿ ಇನ್ನು ಎಷ್ಟಿವೆ ಎಂದು ಇನ್ಸ್‌ಪೆಕ್ಟರು ಉಪಾಯವಾಗಿ ನಾದಿನಿಯನ್ನು ಕೇಳಿದರು. ಅಲಮಾರು ಅಲ್ಲ ಭಾವ, ಒಂದು ರೂಮೇ ಇದೆ ಎಂದಳು ಆಕೆ. ಇವರು ಯಾರಿಗೂ ದೂರು ಹೇಳಲಿಲ್ಲ. ದೂರು ಹೇಳಲು ಬಾಯಿ ತೆರೆದಾಗಲೆಲ್ಲ ಷಡ್ಡಕ ತನ್ನ ಕುರ್ಚಿಗೆ ಕಟ್ಟಿದ ಗಂಟೆಯ ಬಟನ್ನನ್ನು ಎತ್ತಿ, ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಕೊನೆಗೊಂದು ಬೆಳಗ್ಗೆ, ಷಡ್ಡಕ ಬಟ್ಟೆ ಬದಲಾಯಿಸಲು ಹೋದಾಗ, ಇನ್ಸ್‌ಪೆಕ್ಟರು ಆರ್ಡರ್ ಮೀರಿ ಟೆಕ್ನಿಷಿಯನ್ನನ ತೋಳು ಹಿಡಿದುಕೊಂಡರು. ದನಿ ಪಿಸುಮಾತಾಗಿತ್ತು.

"ನಿನ್ನ ಕಾಲು ಹಿಡೀತೀನಿ ಮಹರಾಯ. ಇವತ್ತು ನಂದು ಒಂಚೂರು ಕಮ್ಮಿ ತೊಳಿ. ಜಾಸ್ತಿ ಬೇಡ, ಮೂಗು ಕಟ್ಟೋವಷ್ಟು ಉಳಿದ್ರೆ ಸಾಕು."

ಟೆಕ್ನಿಷಿಯನ್ ಮರುಕದಿಂದ ಅವರ ಕೈ ಬಿಡಿಸಿಕೊಂಡ.

"ಆಗಲ್ಲ ಸಾರ್. ಇವತ್ತಿಂದ ನಿಮಗೆ ಮೂರು ಬ್ಯಾಗು. ನಿಮ್ಮ ಮೂಗಿನ ವಿಷಯದಲ್ಲಿ ರಿಸ್ಕ್ ಬೇಡ ಅಂತ ನಿಮ್ಮ ಷಡ್ಡಕರೇ ಡಾಕ್ಟ್ರ ಹತ್ರ ಕೂತು ಹೇಳಿ ಮಾಡಿಸಿದಾರೆ."